ಬಿಡಿ ಕಥೆ, ಇಡೀ ಪುಸ್ತಕ

(ನಮ್ಮ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಳೆದ ಎರಡು ವರ್ಷಗಳಿಂದ ಸಂಘದ ಯಾವ ಕಾರ್ಯಕ್ರಮಕ್ಕೆ ಬಂದರೂ ನನಗೆ ಎದುರಾಗುವ ಪ್ರಶ್ನೆ ಒಂದೇ. "ನಿನ್ನ ಪುಸ್ತಕ ಎಲ್ಲಿಗೆ ಬಂತು?" ಪ್ರತಿ ಸಲ "ಇನ್ನೇನು ಆಗ್ತಾ ಬಂತು" ಎಂದು ಹೇಳಿ ಊಟದ ಸಾಲಿಗೆ ಜಾರಿಕೊಳ್ಳುತ್ತಿದ್ದೆ. ಈ ಸಲ ಕಾರ್ಯದರ್ಶಿಯವರು ಜಾಣತನದಿಂದ ಅದನ್ನೇ ಭಾಷಣದ ವಿಷಯ ಮಾಡಿಬಿಟ್ಟಿದ್ದಾರೆ. ಹಾಗಾಗಿ ಬಿಡಿಬಿಡಿಯಾಗಿ ಬರೆದ ಕಥೆಗಳನ್ನು ಒಂದು ಪುಸ್ತಕವಾಗಿ ಜೋಡಿಸುವಾಗ ಏನಾಯಿತು, ಯಾಕೆ ತಡವಾಯಿತು ಎಂದು ಇವತ್ತು ನಿಜ ಹೇಳಲೇಬೇಕು.

ಮೊದಲೇ ಒಂದು ಮಾತು. ನಾನು ಸಾಹಿತ್ಯ ಓದಿದವಳಲ್ಲ. ಎಂ.ಟೆಕ್. ಮಾಡಿ, ಓಎಂಆರ್ ರಸ್ತೆಯ ಒಂದು ಆಫೀಸಿನಲ್ಲಿ ಡೇಟಾಬೇಸ್ ಕೆಲಸ ಮಾಡುವವಳು. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಕಥೆಗಳು ಹುಟ್ಟಿದ ಬಗೆ

2015ರ ಡಿಸೆಂಬರ್ ಮೊದಲ ವಾರ ನಿಮಗೆಲ್ಲ ನೆನಪಿದೆ. ನಮ್ಮ ಕಟ್ಟಡದ ನೆಲಮಹಡಿಗೆ ನೀರು ನುಗ್ಗಿತು. ಕರೆಂಟಿಲ್ಲ, ಫೋನಿಲ್ಲ. ಕೆಳಗಿನ ಮನೆಗಳವರು ಮೇಲಿನ ಮನೆಗಳಿಗೆ ಬಂದರು. ಒಂದೇ ಸ್ಟವ್ ಮೇಲೆ ಮೂರು ಮನೆಯ ಅನ್ನ ಬೆಂದಿತು. ಅದಕ್ಕೆ ಮೊದಲು ಮೆಟ್ಟಿಲ ಮೇಲೆ ಎದುರಾದರೆ ನಕ್ಕು ಮುಂದೆ ಹೋಗುತ್ತಿದ್ದ ಹೆಂಗಸರು ಆ ಎರಡು ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಕೂತು ಮಾತಾಡಿದರು. ಕತ್ತಲಲ್ಲಿ ಮುಖ ಸರಿಯಾಗಿ ಕಾಣದಿದ್ದಾಗ ಜನ ಎಷ್ಟು ಮಾತಾಡುತ್ತಾರೆ ಎಂದು ನನಗೆ ಗೊತ್ತಾಗಿದ್ದು ಆಗ.

ಮುಂದಿನ ವರ್ಷ ಒಂದು ಕಥೆ ಬರೆದೆ. ನಮ್ಮ ಸಂಘದ ಸಂಚಿಕೆಯಲ್ಲೇ ಬಂತು. ನೀವೆಲ್ಲ ಮೆಚ್ಚಿದಿರಿ. ಮೆಚ್ಚಿಕೊಂಡರೆ ಬರೆಯುವವರು ನಿಲ್ಲಿಸುವುದುಂಟೇ? ಎಂಟು ವರ್ಷದಲ್ಲಿ 11 ಕಥೆಗಳಾದವು. ಎಲ್ಲವೂ ಒಂದೇ ಕಟ್ಟಡದವು. ಮೂರು ಮಹಡಿ, 12 ಮನೆ. ಒಂದು ಕಥೆಯ ನಾಯಕಿ ಇನ್ನೊಂದು ಕಥೆಯಲ್ಲಿ ಮೊಸರು ಕೇಳಲು ಬಾಗಿಲು ತಟ್ಟುತ್ತಾಳೆ. ಎಲ್ಲ ಕಥೆಗಳಲ್ಲೂ ಒಂದು ತಾರಸಿಯ ಬೀಗದ ಕೈ ಓಡಾಡುತ್ತದೆ. ಫ್ಲ್ಯಾಟಿನಲ್ಲಿ ಇರುವವರಿಗೆ ಅದರ ಮಹತ್ವ ಹೇಳಬೇಕಿಲ್ಲ. ಸಂಡಿಗೆ ಒಣಗಿಸಬೇಕೆಂದರೆ ಆ ಕೀ ಯಾರ ಮನೆಯಲ್ಲಿದೆಯೋ ಅವರ ಮನೆಗೆ ಹೋಗಬೇಕು, ಹೋದ ಮೇಲೆ ಎರಡು ಮಾತಾಡಲೇಬೇಕು.

ಇಂಥ ಕಥೆಗಳಿಗೆ ಇಂಗ್ಲಿಷಿನಲ್ಲಿ ಲಿಂಕ್ಡ್ ಸ್ಟೋರೀಸ್ ಎನ್ನುತ್ತಾರಂತೆ. ನಾವು ಹೆಣೆದುಕೊಂಡ ಕಥೆಗಳು ಎನ್ನಬಹುದು. ಒಂದೊಂದನ್ನೂ ಬೇರೆಯಾಗಿ ಓದಬಹುದು, ಒಟ್ಟಿಗೆ ಓದಿದರೆ ಇನ್ನೇನೋ ಕಾಣಬೇಕು. ಇದರಲ್ಲಿ ನಮ್ಮ ಊರಿನ ಪಾಲೂ ಇದೆ. ಮಾಲ್ಗುಡಿ ಎಂಬ ಇಲ್ಲದ ಊರನ್ನು ಕಟ್ಟಿ, ಅದರಲ್ಲಿ ಅಷ್ಟೊಂದು ಕಥೆಗಳನ್ನು ನೆಲೆ ನಿಲ್ಲಿಸಿದ ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ಇದೇ ಮದ್ರಾಸಿನಲ್ಲಿ. ನಮ್ಮ ಮಾಸ್ತಿಯವರು ಎಂ.ಎ. ಓದಿದ್ದೂ ಇಲ್ಲೇ. ಸಿಬಿಎಸ್‌ಇ ಶಾಲೆಯ ಮಕ್ಕಳಿರುವ ಮನೆಯವರು ಹನ್ನೊಂದನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಹಿಂದೆ ಇದ್ದ 'ರಂಗಾಸ್ ಮ್ಯಾರೇಜ್' ಎಂಬ ಪಾಠ ನೋಡಿರಬಹುದು. ಅದು ಮಾಸ್ತಿಯವರ ಕಥೆಯ ಅನುವಾದ. ಅದರಲ್ಲಿ ಕಥೆ ಹೇಳುವ ಶ್ಯಾಮ ಹೊಸಹಳ್ಳಿಯವನೇ. ಊರಿನ ಎಲ್ಲರ ಸಂಗತಿ ಬಲ್ಲವನು. ಸಾಲದ್ದಕ್ಕೆ ಮದುವೆ ಮಾಡಿಸುವುದಕ್ಕೂ ಕೈ ಹಾಕುತ್ತಾನೆ. ಆ ಶ್ಯಾಮನ ಪ್ರಸ್ತಾಪ ಯಾಕೆ ಮಾಡಿದೆ ಎಂದು ಆಮೇಲೆ ಹೇಳುತ್ತೇನೆ.

ಎಕ್ಸೆಲ್ ಶೀಟ್ ಹೇಳಿದ ಸತ್ಯ

ಕಥೆಗಳಿವೆ, ಒಂದರ ಹಿಂದೆ ಒಂದಿಟ್ಟು, ಮುನ್ನುಡಿ ಬರೆಸಿ, ಪ್ರೆಸ್ಸಿಗೆ ಕೊಟ್ಟರೆ ಪುಸ್ತಕವಾಯಿತು ಎಂದುಕೊಂಡಿದ್ದೆ. ಬಟ್ಟೆ ಚೂರುಗಳಿವೆ, ಸೇರಿಸಿ ಹೊಲಿದರೆ ಕೌದಿಯಾಯಿತು ಎಂಬಂತೆ. ಕೌದಿ ಹೊಲಿದ ಅಜ್ಜಿಯರಿದ್ದರೆ ಈಗ ನಗುತ್ತಿರುತ್ತಾರೆ. ಯಾವ ಚೂರಿನ ಪಕ್ಕ ಯಾವ ಚೂರು ಎನ್ನುವುದರಲ್ಲೇ ಎಲ್ಲ ಇದೆ ಎಂದು ಅವರಿಗೆ ಗೊತ್ತು.

ಅಭ್ಯಾಸಬಲದಿಂದ ಮೊದಲು ಒಂದು ಎಕ್ಸೆಲ್ ಶೀಟ್ ತೆರೆದೆ. ಅಡ್ಡ ಸಾಲಿನಲ್ಲಿ ಕಥೆಗಳು, ಉದ್ದ ಸಾಲಿನಲ್ಲಿ ಪಾತ್ರಗಳು, ವರ್ಷ, ತಿಂಗಳು, ಮನೆ ನಂಬರು, ಬೀಗದ ಕೈ ಎಲ್ಲಿದೆ, ಕಥೆ ಎಲ್ಲಿ ಮುಗಿಯುತ್ತದೆ. ತುಂಬಿಸುತ್ತಾ ಹೋದಂತೆ ನನ್ನ ಮುಖ ಸಣ್ಣದಾಯಿತು.

2017ರಲ್ಲಿ ನಡೆಯುವ ಕಥೆಯಲ್ಲಿ ತೀರಿಹೋದ ಅಜ್ಜಿ, 2019ರ ನೀರಿನ ಬರದ ಕಥೆಯಲ್ಲಿ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಾಳೆ. ಬೀಗದ ಕೈ ಒಂದೇ ವಾರದಲ್ಲಿ ಎರಡು ಮನೆಗಳಲ್ಲಿದೆ. 11ರಲ್ಲಿ 8 ಕಥೆಗಳಲ್ಲಿ ಮಳೆ ಬರುತ್ತದೆ, ಚೆನ್ನೈಯಲ್ಲಿ! ಅದೂ ಎರಡು ಕಥೆಗಳಲ್ಲಿ ಜೂನ್ ತಿಂಗಳಲ್ಲಿ ದಿನವಿಡೀ ಸುರಿಯುತ್ತದೆ. ನಾನು ಮಲೆನಾಡಿನವಳು. ಬರೆಯುವಾಗ ಕೈ ತಾನಾಗಿ ತೀರ್ಥಹಳ್ಳಿಯ ಮಳೆಯನ್ನು ಇಲ್ಲಿಗೆ ತಂದು ಸುರಿಸಿದೆ. ಇಲ್ಲಿ ದೊಡ್ಡ ಮಳೆಯ ಕಾಲ ಅಕ್ಟೋಬರಿನಿಂದ ಡಿಸೆಂಬರ್. ಜೂನಿನಲ್ಲಿ ನಾವು ನೀರಿನ ಲಾರಿಗೆ ಫೋನು ಮಾಡುತ್ತಿರುತ್ತೇವೆ.

ಇವೆಲ್ಲ ಸುಲಭವಾಗಿ ತಿದ್ದುವ ತಪ್ಪುಗಳು. ನಾಚಿಕೆಯಾಗಿದ್ದು ಕೊನೆಯ ಕಾಲಂ ನೋಡಿ. 7 ಕಥೆಗಳು ಒಬ್ಬ ಹೆಂಗಸು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುವುದರಲ್ಲಿ ಮುಗಿಯುತ್ತವೆ. ವರ್ಷಕ್ಕೆ ಒಂದು ಓದಿದಾಗ ನಿಮಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಒಟ್ಟಿಗೆ ಓದಿದರೆ ಇಡೀ ಕಟ್ಟಡದ ಹೆಂಗಸರೆಲ್ಲ ಕೆಲಸ ಬಿಟ್ಟು ಕಿಟಕಿಗೆ ಬಂದು ನಿಂತ ಹಾಗಿದೆ. ಕಥೆ ಹೇಗೆ ಮುಗಿಸಬೇಕೆಂದು ತಿಳಿಯದೆ ಹೋದಾಗೆಲ್ಲ ಅವರನ್ನು ಅಲ್ಲಿಗೆ ಕಳಿಸಿದ್ದೆ. ಒಬ್ಬೊಬ್ಬರನ್ನಾಗಿ ಕಿಟಕಿಯಿಂದ ವಾಪಸು ಕರೆದು, "ನಿಜವಾಗಿ ನೀನು ಆಮೇಲೆ ಏನು ಮಾಡಿದೆ?" ಎಂದು ಕೇಳಬೇಕಾಯಿತು. ಕೆಲವರು ಒಲೆ ಹಚ್ಚಿದರು. ಒಬ್ಬಳು ಗಂಡನಿಗೆ ಎದುರು ಮಾತಾಡಿದಳು. ಒಬ್ಬಳ ಕಥೆ ಒಂದು ಪುಟ ಮುಂಚೆಯೇ ಮುಗಿದುಹೋಗಿತ್ತು, ನಾನೇ ಎಳೆದಿದ್ದೆ.

ಇನ್ನೊಂದು ದೋಷ. ಸಂಚಿಕೆಗೆ ಬರೆಯುವಾಗ ಓದುಗರಿಗೆ ಹಿಂದಿನ ಕಥೆ ನೆನಪಿರುವುದಿಲ್ಲ ಎಂದು ಪ್ರತಿ ಕಥೆಯ ಆರಂಭದಲ್ಲಿ ಕಟ್ಟಡದ ವರ್ಣನೆ ಹಾಕಿದ್ದೆ. ಪುಸ್ತಕದಲ್ಲಿ ಅದು 11 ಸಲ ಬರುತ್ತದೆ. 10 ಸಲ ಹೊಡೆದುಹಾಕಿದೆ. ಆಗ ತಿಳಿದದ್ದೇನೆಂದರೆ, ಓದುಗರು ಒಂದು ಸಲ ಮೆಟ್ಟಿಲು ಹತ್ತಿದರೆ ಸಾಕು, ಎರಡನೇ ಸಲ ಅವರಿಗೆ ದಾರಿ ಗೊತ್ತಿರುತ್ತದೆ.

ಯಾವುದರ ಪಕ್ಕ ಯಾವುದು?

ತಪ್ಪು ತಿದ್ದಿಯಾಯಿತು. ಈಗ ಕ್ರಮ. ಮೊದಲು ಬರೆದ ವರ್ಷದ ಪ್ರಕಾರ ಜೋಡಿಸಿದೆ. ಅದು ನನ್ನ ಬೆಳವಣಿಗೆಯ ಮಾರ್ಕ್ಸ್ ಕಾರ್ಡ್ ಥರ ಆಯಿತು. ಮೊದಲ ಕಥೆಗಳು ಬಾಲಿಶ, ಓದುವವರು ಅಲ್ಲೇ ಪುಸ್ತಕ ಮುಚ್ಚಿಡುತ್ತಾರೆ. ಆಮೇಲೆ ಮನೆ ನಂಬರಿನ ಪ್ರಕಾರ, ಕೆಳಗಿನಿಂದ ಮೇಲಕ್ಕೆ. ಅದು ಜನಗಣತಿಯವರ ಪಟ್ಟಿಯಂತಾಯಿತು. ಮೂರನೆಯದು, ಕಥೆ ನಡೆಯುವ ಕಾಲದ ಪ್ರಕಾರ. ಇದು ಪರವಾಗಿಲ್ಲ ಅನ್ನಿಸಿದರೂ, ಪ್ರವಾಹದ ಕಥೆ ಮಧ್ಯದಲ್ಲಿ ಬಂದು, ಅದಾದ ಮೇಲಿನದೆಲ್ಲ ಸಪ್ಪೆ ಎನಿಸುತ್ತಿತ್ತು.

ಬೇರೆಯವರು ಏನು ಮಾಡಿದ್ದಾರೆ ಎಂದು ಹುಡುಕಿದೆ. ಐರ್ಲೆಂಡಿನ ಜೇಮ್ಸ್ ಜಾಯ್ಸ್ 1914ರಲ್ಲಿ ಪ್ರಕಟಿಸಿದ 'ಡಬ್ಲಿನರ್ಸ್'ನಲ್ಲಿ 15 ಕಥೆಗಳಿವೆ. ಒಂದೇ ಊರಿನ ಜನ. ಬಾಲ್ಯ, ಹರೆಯ, ಪ್ರೌಢ ವಯಸ್ಸು, ಸಾರ್ವಜನಿಕ ಬದುಕು ಎಂಬ ಕ್ರಮದಲ್ಲಿ ಅವನ್ನು ಜೋಡಿಸಿದ್ದೇನೆ ಎಂದು ಅವರೇ ಪ್ರಕಾಶಕರಿಗೆ ಬರೆದಿದ್ದರು. ಅಂದರೆ ಪಾತ್ರಗಳು ಬೇರೆ ಬೇರೆಯಾದರೂ ಪುಸ್ತಕಕ್ಕೇ ವಯಸ್ಸಾಗುತ್ತಾ ಹೋಗುತ್ತದೆ. ನಮ್ಮ ಜಯಂತ ಕಾಯ್ಕಿಣಿಯವರು ಬೇರೆ ಬೇರೆ ಸಂಕಲನಗಳಲ್ಲಿ ಬರೆದ ಮುಂಬಯಿಯ ಕಥೆಗಳನ್ನು ತೇಜಸ್ವಿನಿ ನಿರಂಜನ ಅವರು ಇಂಗ್ಲಿಷಿಗೆ ತಂದರು. 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂಬ ಆ ಒಂದೇ ಪುಸ್ತಕದಲ್ಲಿ ಸೇರಿದಾಗ ಮುಂಬಯಿಯೇ ಅದರ ನಾಯಕ ಎನ್ನುವಂತಾಯಿತು. 2018ರ ಡಿಎಸ್‌ಸಿ ಪ್ರಶಸ್ತಿ ಬಂದದ್ದು ಅದಕ್ಕೆ. 2025ರ ಮೇ ತಿಂಗಳಲ್ಲಿ ನಾವೆಲ್ಲ ಸಂಭ್ರಮಪಟ್ಟ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕೂಡ ಹಾಗೇ. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದ ಕಥೆಗಳಿಂದ ಅನುವಾದಕಿ ದೀಪಾ ಭಾಸ್ತಿ 12ನ್ನು ಆಯ್ದರು. ಗಂಡ ಹೆಂಡತಿಗೆ ಕಟ್ಟಿಸುವ ಮಹಲಿನ ಮಾತಿರುವ ಕಥೆಯಿಂದ ಪುಸ್ತಕ ಆರಂಭವಾಗುತ್ತದೆ. ಒಂದು ಸಲ ಹೆಣ್ಣಾಗಿ ನೋಡು ಎಂದು ಸೃಷ್ಟಿಕರ್ತನನ್ನೇ ಕೇಳುವ ಕಥೆಯಲ್ಲಿ ಮುಗಿಯುತ್ತದೆ. ಈ ಎರಡನ್ನು ಅದಲು ಬದಲು ಮಾಡಿ ನೋಡಿ. ಒಂದಕ್ಷರ ಬದಲಾಗದಿದ್ದರೂ ಪುಸ್ತಕ ಬೇರೆಯೇ ಆಗುತ್ತದೆ.

ಕೆನಡಾದ ಆಲಿಸ್ ಮನ್ರೋ ಅವರ ಪ್ರಸಂಗವಂತೂ ನನಗೆ ಧೈರ್ಯ ಕೊಟ್ಟಿತು. 1978ರಲ್ಲಿ ಅವರ 'ಹೂ ಡು ಯು ಥಿಂಕ್ ಯು ಆರ್?' ಮುದ್ರಣದ ಹಂತಕ್ಕೆ ಹೋಗಿತ್ತು. ಕೆಲವು ಕಥೆಗಳು ರೋಸ್ ಎಂಬವಳ ಬಗ್ಗೆ, ಉಳಿದವನ್ನು ಹೇಳುವವಳು ಜಾನೆಟ್. ಇವರಿಬ್ಬರೂ ಒಬ್ಬಳೇ ಆಗಬೇಕು ಎಂದು ಅವರಿಗೆ ಆಗ ಹೊಳೆಯಿತು. ಪ್ರೆಸ್ ನಿಲ್ಲಿಸಿ, ಕಥೆಗಳನ್ನು ಬದಲಿಸಿ, ಅದರ ಖರ್ಚನ್ನು ತಾವೇ ಕೊಟ್ಟರು. ಅಷ್ಟು ದೊಡ್ಡವರೇ ಕೊನೆಯ ಗಳಿಗೆಯಲ್ಲಿ ಹಾಗೆ ಮಾಡಿದ್ದರೆ, ನಾನು ಎರಡು ವರ್ಷ ತಡ ಮಾಡಿದ್ದಕ್ಕೆ ನೀವು ಕ್ಷಮಿಸಬಹುದು.

ಜೋಡಿಸಿದಾಗ ಕಂಡದ್ದು

ಕೊನೆಗೆ ಒಂದು ಕ್ರಮ ಸಿಕ್ಕಿತು. ಬೀಗದ ಕೈ ಯಾವ ಮನೆಯಿಂದ ಯಾವ ಮನೆಗೆ ಹೋಗುತ್ತದೋ ಆ ಪ್ರಕಾರ ಕಥೆಗಳು. ಒಂದು ಕಥೆಯ ಕೊನೆಯಲ್ಲಿ ಕೀ ಕೈ ಬದಲಾಗುತ್ತದೆ, ಮುಂದಿನ ಕಥೆ ಆ ಕೈಯವಳದು. ಖುಷಿಯಾಯಿತು. ಒಂದು ಶನಿವಾರ ರಾತ್ರಿ ಮಗಳು ಮಲಗಿದ ಮೇಲೆ ಇಡೀ ಪುಸ್ತಕವನ್ನು ಮೊದಲಿನಿಂದ ಒಂದೇ ಸಲ ಓದಲು ಕೂತೆ. ಎಂಟನೇ ಕಥೆಗೆ ಬರುವ ಹೊತ್ತಿಗೆ ಕೈ ತಣ್ಣಗಾಯಿತು.

ಆ ಪ್ರವಾಹದ ರಾತ್ರಿ ನಮ್ಮ ಕಟ್ಟಡದ ಹಿರಿಯರೊಬ್ಬರು ನನಗೆ ಒಂದು ಸಂಗತಿ ಹೇಳಿದ್ದರು. ಅವರನ್ನು ಇಲ್ಲಿ ದೊಡ್ಡಮ್ಮ ಎನ್ನುತ್ತೇನೆ. ಅದು ಅವರ ಮನೆಯವರಿಗೂ ಗೊತ್ತಿಲ್ಲದ ಸಂಗತಿ. ತಪ್ಪು ಕೆಲಸವಲ್ಲ, ಯಾರಿಗೂ ಅನ್ಯಾಯವಾದದ್ದಲ್ಲ, ಆದರೂ ಹೇಳಿಕೊಳ್ಳಲಾಗದ್ದು. ನಾನು ಅದನ್ನು ಇದ್ದ ಹಾಗೆ ಬರೆಯಲಿಲ್ಲ. ಅಷ್ಟು ಬುದ್ಧಿ ಇತ್ತು. ಆದರೆ ಮೂರು ಕಥೆಗಳಲ್ಲಿ, ಐದು ವರ್ಷದ ಅಂತರದಲ್ಲಿ, ನನಗೇ ಗೊತ್ತಿಲ್ಲದಂತೆ ಅದರ ಮೂರು ಚೂರುಗಳನ್ನು ಬಳಸಿದ್ದೆ. ಒಂದರಲ್ಲಿ ಒಂದು ತಾರೀಖು. ಇನ್ನೊಂದರಲ್ಲಿ ಒಂದು ಊರು. ಮತ್ತೊಂದರಲ್ಲಿ ಒಂದು ವಸ್ತು. ಪಾತ್ರಗಳ ಹೆಸರು ಬೇರೆ, ಮನೆ ಬೇರೆ. ಬಿಡಿಯಾಗಿ ಓದಿದರೆ ಏನೂ ಇಲ್ಲ. ನನ್ನ ಹೊಸ ಕ್ರಮದಲ್ಲಿ ಆ ಮೂರೂ ಒಂದರ ಹಿಂದೆ ಒಂದು ಬಂದಿದ್ದವು. ನಮ್ಮ ಕಟ್ಟಡದ ಯಾರಾದರೂ ಓದಿದರೆ ಅರ್ಧ ಗಂಟೆಯಲ್ಲಿ ಅರ್ಥವಾಗುವಂತಿತ್ತು.

ನನ್ನ ಕೆಲಸದಲ್ಲಿ ಇದಕ್ಕೆ ಹೆಸರಿದೆ. ಎರಡು ಟೇಬಲ್‌ಗಳನ್ನು ಜಾಯಿನ್ ಮಾಡುವುದು. ಎಂ.ಟೆಕ್. ಓದುವಾಗ ನಮಗೆ ಪಾಠ ಮಾಡಿದ ಪ್ರಸಿದ್ಧ ಉದಾಹರಣೆಯೊಂದಿದೆ. 1990ರ ದಶಕದಲ್ಲಿ ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು, ಹೆಸರು ವಿಳಾಸ ತೆಗೆದು, ಸಂಶೋಧನೆಗೆಂದು ಕೊಟ್ಟರು. ಹೆಸರಿಲ್ಲವಲ್ಲ, ಯಾರಿಗೂ ಗೊತ್ತಾಗದು ಎಂಬ ನಂಬಿಕೆ. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡು ಪಕ್ಕದಲ್ಲಿಟ್ಟಳು. ಆ ರಾಜ್ಯದ ಗವರ್ನರ್ ಹುಟ್ಟಿದ ತಾರೀಖಿನಲ್ಲೇ ಹುಟ್ಟಿದವರು ಪಟ್ಟಿಯಲ್ಲಿ 6 ಜನ. ಅವರಲ್ಲಿ ಗಂಡಸರು 3. ಗವರ್ನರ್ ಮನೆಯ ಪಿನ್‌ಕೋಡಿನಲ್ಲಿದ್ದವರು ಒಬ್ಬರೇ. ರಾಜ್ಯದ ಮುಖ್ಯಸ್ಥರ ಆಸ್ಪತ್ರೆ ದಾಖಲೆ ಒಬ್ಬ ವಿದ್ಯಾರ್ಥಿನಿಯ ಕೈಗೆ ಬಂತು. ಕಳ್ಳತನವಿಲ್ಲ, ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟದ್ದಷ್ಟೇ.

ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡವಳು ನಾನು. ಆಫೀಸಿನಲ್ಲಿ ಗಿರಾಕಿಗಳ ಹೆಸರು ಮರೆಮಾಚುವ ಕೆಲಸಕ್ಕೇ ಸಂಬಳ ತೆಗೆದುಕೊಳ್ಳುವವಳು. ನನ್ನ ಕಥೆಗಳಲ್ಲಿ ಅದೇ ತಪ್ಪನ್ನು ಮಾಡಿ, ಅದಕ್ಕೆ ಪುಸ್ತಕ ಎಂದು ಹೆಸರಿಡಲು ಹೊರಟಿದ್ದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಿಜವಾದ ಸಂಗತಿ ಏನೆಂದು ಈ ಭಾಷಣದಲ್ಲೂ ಹೇಳುವುದಿಲ್ಲ. ಮನೆ, ಮಹಡಿ, ಸಂಬಂಧ ಎಲ್ಲ ಬದಲಿಸಿಯೇ ಮಾತಾಡುತ್ತಿದ್ದೇನೆ. ಈ ಬರಹವನ್ನು ಮೊದಲು ಅವರಿಗೇ ಓದಿ ಹೇಳಿದ್ದೇನೆ. ಆದ್ದರಿಂದ ಯಾರೂ ಅಕ್ಕಪಕ್ಕ ತಿರುಗಿ ನೋಡಬೇಡಿ!

"ನನ್ನನ್ನ ತೆಗೀಬೇಡ"

ಮೂರು ದಿನ ಒದ್ದಾಡಿದೆ. ಕ್ರಮ ಬದಲಿಸಿ ಆ ಮೂರು ಕಥೆಗಳನ್ನು ದೂರ ದೂರ ಇಡಲೇ? ಹುಡುಕುವವರಿಗೆ ದೂರವೇನು, ಹತ್ತಿರವೇನು? ಮೂರನ್ನೂ ತೆಗೆದುಹಾಕಲೇ? ಪುಸ್ತಕದ ಜೀವವೇ ಅವು. ಸುಮ್ಮನಿದ್ದುಬಿಡಲೇ, ಯಾರಿಗೆ ಗೊತ್ತಾಗುತ್ತೆ? ಈ ಕೊನೆಯ ಯೋಚನೆಯೂ ಬಂದಿತ್ತು ಎಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಇಡೀ ಪುಸ್ತಕವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ, ದೊಡ್ಡಮ್ಮನ ಕೈಗೆ ಕೊಟ್ಟೆ. "ಪೂರ್ತಿ ಓದಿ, ಆಮೇಲೆ ಮಾತಾಡೋಣ" ಎಂದೆ. ಒಂದು ವಾರ ಅವರ ಕಡೆಯಿಂದ ಸುದ್ದಿಯೇ ಇಲ್ಲ. ಮೆಟ್ಟಿಲ ಮೇಲೆ ಕಂಡರೂ ಮಾಮೂಲಿ ಮಾತು. ಎಂಟನೇ ದಿನ ಸಂಜೆ ಕಾಫಿಗೆ ಕರೆದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಸಂಚಿಕೆಯಲ್ಲಿ ಬಂದಾಗ ಒಂದೊಂದೂ ಓದಿದ್ದೆ ಕಣೇ," ಎಂದರು. "ಆಗ ಯಾರೋ ಬೇರೆಯವರ ಕಥೆ ಅಂತ ಓದಿದೆ. ಈಗ ಒಟ್ಟಿಗೆ ಓದಿದಾಗ ನನ್ನ ಎದುರಿಗೆ ನಾನೇ ಬಂದು ಕೂತ ಹಾಗಾಯ್ತು."

"ತಪ್ಪಾಯ್ತು ದೊಡ್ಡಮ್ಮ. ಮೂರನ್ನೂ ತೆಗೆದುಬಿಡ್ತೀನಿ."

ಅವರು ಕಾಫಿ ಲೋಟ ಕೆಳಗಿಟ್ಟರು. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನನ್ನ ವಿಷಯ ತೆಗಿ. ನನ್ನನ್ನ ತೆಗೀಬೇಡ," ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ಆ ತಾರೀಖು, ಆ ಊರು ಬೇಡ. ಇವರಿಗೆ, ಮಕ್ಕಳಿಗೆ ಈ ವಯಸ್ಸಲ್ಲಿ ಅದೆಲ್ಲ ಯಾಕೆ? ಆದರೆ ಅಷ್ಟು ವರ್ಷ ಒಬ್ಬಳೇ ಮನಸ್ಸಲ್ಲಿ ಇಟ್ಕೊಂಡು, ಹಬ್ಬ ಮಾಡ್ಕೊಂಡು, ಬಂದವರಿಗೆ ಬಡಿಸ್ಕೊಂಡು ಇದ್ದಳಲ್ಲ ಒಬ್ಬಳು, ಅವಳು ಇರಲಿ. ಅವಳ ಬಗ್ಗೆ ಇನ್ನು ಯಾರು ಬರೀತಾರೆ?"

ವಿಷಯ ಬದಲಿಸಿ ತೂಕ ಉಳಿಸುವುದು

ಎರಡು ತಿಂಗಳು ಇದೇ ತಲೆಯಲ್ಲಿತ್ತು. ನಿಜ ಸಂಗತಿಯ ಜಾಗದಲ್ಲಿ ಇನ್ನೊಂದನ್ನು ಇಡಬೇಕು, ಆದರೆ ಅದರ ತೂಕ ಅಷ್ಟೇ ಇರಬೇಕು. ತಿಂಗಳು ತಿಂಗಳೂ, ವರ್ಷಗಟ್ಟಲೆ, ಮನೆಯವರಿಗೆ ತಿಳಿಯದಂತೆ ಮಾಡಿದ, ತಪ್ಪಲ್ಲದ ಒಂದು ಕೆಲಸ. ಕೊನೆಗೆ ಮನಿಆರ್ಡರ್ ಹೊಳೆಯಿತು. ತವರಿನವರು ದೂರ ಮಾಡಿದ ತಂಗಿಗೆ, ಮನೆಯ ಖರ್ಚಿನಲ್ಲಿ ಉಳಿಸಿ, ಅಕ್ಕ ಪ್ರತಿ ತಿಂಗಳೂ ಮನಿಆರ್ಡರ್ ಮಾಡುತ್ತಾಳೆ. ಆಗ ಅವರಿದ್ದದ್ದು ಪಶ್ಚಿಮ ಮಾಂಬಲದ ಒಂದು ವಠಾರದಲ್ಲಿ. ಒಂದು ಕಥೆಯಲ್ಲಿ ಗಂಡನ ಲೆಕ್ಕದ ಪುಸ್ತಕದಲ್ಲಿ ಹಾಲಿನ ಬಾಬತ್ತು ಯಾವಾಗಲೂ ಸ್ವಲ್ಪ ಹೆಚ್ಚು. ಇನ್ನೊಂದರಲ್ಲಿ ಅವಳು ಪೋಸ್ಟಾಫೀಸಿನ ಸಾಲಿನಲ್ಲಿ ನಿಂತಿದ್ದಾಳೆ, ಯಾಕೆಂದು ಹೇಳಿಲ್ಲ. ಮೂರನೆಯದರಲ್ಲಿ ತಂಗಿ.

ಬರೆದು ಮತ್ತೆ ದೊಡ್ಡಮ್ಮನಿಗೆ ಕೊಟ್ಟೆ. ಎರಡನೇ ದಿನಕ್ಕೇ ಪೆನ್ಸಿಲ್ ಗುರುತು ಹಾಕಿ ವಾಪಸು ಬಂತು.

"ನೀನು ಜನ್ಮದಲ್ಲಿ ಎಂ.ಓ. ಮಾಡಿಲ್ಲ ಅನ್ಸುತ್ತೆ," ಎಂದರು. "ದುಡ್ಡು ತಲುಪಿದ ಮೇಲೆ ತಗೊಂಡವರ ಸಹಿ ಇರೋ ಚೀಟಿ ಕಳಿಸಿದವರ ವಿಳಾಸಕ್ಕೆ ವಾಪಸು ಬರ್ತಿತ್ತು. ಪೋಸ್ಟ್‌ಮ್ಯಾನ್ ತಂದು ಗಂಡನ ಕೈಗೇ ಕೊಡ್ತಾನೆ. ಮೊದಲ ತಿಂಗಳೇ ನಿನ್ನ ಕಥೆ ಮುಗೀತು."

ನಿಜ. ಯುಪಿಐ ಕಾಲದ ನನಗೆ ಅದು ತಿಳಿದಿರಲಿಲ್ಲ. ಹಾಗಾದರೆ ಆ ಚೀಟಿ ಎಲ್ಲಿಗೆ ಬರಬೇಕು? ಯೋಚಿಸುತ್ತಾ ಹೋದಾಗ ದಾರಿ ಕಂಡಿತು. ವಠಾರದ ಪಕ್ಕದ ಮನೆಯ ಗೆಳತಿಯ ವಿಳಾಸಕ್ಕೆ. ಇಬ್ಬರೂ ಮುಂದೆ ಇದೇ ಕಟ್ಟಡಕ್ಕೆ ಬಂದವರು. ನಾಲ್ಕನೇ ಕಥೆಯಲ್ಲಿ ಬೀಗದ ಕೈ ಕೊಡುವುದಕ್ಕೆ ಮಾತ್ರ ಬಂದು ಹೋಗುತ್ತಿದ್ದ ಆ ಹೆಂಗಸಿಗೆ ಈಗ ಒಂದು ಕೆಲಸ ಬಂತು. ತಿಂಗಳು ತಿಂಗಳೂ ಯಾರದೋ ಸಹಿಯ ಚೀಟಿ ತನ್ನ ಮನೆಗೆ ಬರುತ್ತದೆ. ಅದನ್ನು ಸೆರಗಿನಲ್ಲಿ ಮುಚ್ಚಿ ತಂದು ಕೊಡುತ್ತಾಳೆ. ಇದು ಯಾರು, ಯಾಕೆ ಎಂದು ಒಂದು ದಿನವೂ ಕೇಳುವುದಿಲ್ಲ. ಎಂಟು ವರ್ಷ ನಾನು ಬೀಗದ ಕೈಯಿಂದ ಕಷ್ಟಪಟ್ಟು ಕಟ್ಟಲು ನೋಡಿದ ನಂಟು ಒಂದು ಚೀಟಿಯಿಂದ ಆಯಿತು. ಕೃತಿಗೆ ಒಳ್ಳೆಯದಾಗಲೆಂದು ಮಾಡಿದ ತಿದ್ದುಪಡಿ ಅಲ್ಲ ಅದು. ಒಬ್ಬರ ಮಾನ ಕಾಯಬೇಕೆಂದು ಮಾಡಿದ್ದು. ಆದರೆ ಕೃತಿಗೂ ಒಳ್ಳೆಯದಾಯಿತು.

ನಷ್ಟವೂ ಆಯಿತು ಎಂದು ಹೇಳಲೇಬೇಕು. ನಿಜ ಸಂಗತಿಯಲ್ಲಿದ್ದ ಒಂದು ದೃಶ್ಯ, ಆ ರಾತ್ರಿ ಅವರು ಹೇಳಿದ ರೀತಿ, ಮನಿಆರ್ಡರಿನ ಕಥೆಗೆ ಹೊಂದಲಿಲ್ಲ. ನಾನು ಬರೆದ ಎರಡು ಅತ್ಯುತ್ತಮ ಪುಟಗಳವು. ತೆಗೆದುಹಾಕಿದೆ. ಫೈಲಿನಿಂದಲೂ ಅಳಿಸಿದೆ. ಬ್ಯಾಕಪ್ ಇಟ್ಟಿಲ್ಲ. ಐಟಿಯವರಿಗೆ ಇದು ಎಷ್ಟು ಕಷ್ಟ ಎಂದು ಇಲ್ಲಿರುವ ನನ್ನ ಸಹೋದ್ಯೋಗಿಗಳಿಗೆ ಗೊತ್ತು.

ಅತಿ ಹೆಚ್ಚು ಗುರುತು ಬಿದ್ದ ಕಾಲಂ

ನನ್ನ ಎಕ್ಸೆಲ್ ಶೀಟಿಗೆ ಮತ್ತೆ ಬರುತ್ತೇನೆ. ಯಾವ ಪಾತ್ರ ಎಷ್ಟು ಕಥೆಗಳಲ್ಲಿ ಬರುತ್ತದೆ ಎಂದು ಎಣಿಸಿದಾಗ, ಅತಿ ಹೆಚ್ಚು ಗುರುತು ಬಿದ್ದದ್ದು ಯಾವ ನಾಯಕಿಗೂ ಅಲ್ಲ. ಮನೆಗೆಲಸದ ಸೆಲ್ವಿಗೆ. 11ರಲ್ಲಿ 9 ಕಥೆಗಳಲ್ಲಿ ಅವಳಿದ್ದಾಳೆ. ಬಾಗಿಲು ತೆರೆಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, "ಅಕ್ಕಾ, ತಣ್ಣಿ ವರಲೆ" ಎನ್ನುತ್ತಾಳೆ, ಹೋಗುತ್ತಾಳೆ. ಅವಳದೊಂದು ಕಥೆ ಇಲ್ಲ. 12 ಮನೆಗಳಲ್ಲಿ 6 ಮನೆಗೆ ಹೋಗಿ ಬರುವವಳು. ಯಾವ ಮನೆಯಲ್ಲಿ ಜಗಳ, ಯಾವ ಮನೆಯ ಹಾಲಿನ ಲೆಕ್ಕ ಹೆಚ್ಚು, ಯಾರ ಸೆರಗಿನಲ್ಲಿ ಯಾವ ಚೀಟಿ, ಎಲ್ಲ ಅವಳಿಗೆ ಗೊತ್ತಿರಲೇಬೇಕು. ಆದರೂ ಒಂದು ಮನೆಯ ಮಾತನ್ನು ಇನ್ನೊಂದು ಮನೆಯಲ್ಲಿ ಆಡಿದವಳಲ್ಲ.

ಆಗ ಮಾಸ್ತಿಯವರ ಶ್ಯಾಮ ನೆನಪಾದ. ಊರಿನ ಎಲ್ಲ ಸಂಗತಿ ಬಲ್ಲವನು, ಎಲ್ಲವನ್ನೂ ನಮಗೆ ರಸವತ್ತಾಗಿ ಹೇಳುವವನು. ನಾನೂ ಅದೇ ಜಾತಿ. ಸೆಲ್ವಿ ಎಲ್ಲ ಬಲ್ಲವಳು, ಹೇಳದವಳು. ಪುಸ್ತಕದ ಕೊನೆಯಲ್ಲಿ ಅವಳನ್ನು ನಿಲ್ಲಿಸಬೇಕು ಅನ್ನಿಸಿತು. ಹನ್ನೆರಡನೆಯ ಕಥೆಯಾಗಿ, ಅವಳು ಒಂದು ದಿನದಲ್ಲಿ ಹತ್ತಿಳಿಯುವ ಆರು ಮನೆಗಳು. ಅವಳಿಗೆ ಗೊತ್ತಿರುವುದನ್ನು ಅವಳು ಅಲ್ಲೂ ಹೇಳುವುದಿಲ್ಲ. ಹಿಂದಿನ ಕಥೆಗಳನ್ನು ಓದಿದವರಿಗೆ ಅವಳು ಏನನ್ನು ಹೇಳುತ್ತಿಲ್ಲ ಎಂದು ತಿಳಿಯುತ್ತದೆ. ಈ ಕಥೆ ಕೊನೆಯಲ್ಲೇ ಬರಬೇಕು. ಬೇರೆ ಎಲ್ಲಿಟ್ಟರೂ ಆರು ಮನೆಯ ಕೆಲಸದ ಪಟ್ಟಿ ಅಷ್ಟೇ. ನನ್ನ ಕ್ರಮದ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು.

ನಮ್ಮ ಮುಂದಿನ ಕೆಲಸ

ಮುಗಿಸುವ ಮೊದಲು ಒಬ್ಬರನ್ನು ನೆನೆಯಬೇಕು. ಕೊಡಗಿನ ಗೌರಮ್ಮ. 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. 1912ರಲ್ಲಿ ಹುಟ್ಟಿ 1939ರ ಏಪ್ರಿಲಿನಲ್ಲಿ ನೀರಿನ ಸುಳಿಗೆ ಸಿಕ್ಕಿ ತೀರಿಹೋದರು. 27 ವರ್ಷ. ಅವರ 'ಕಂಬನಿ', 'ಚಿಗುರು' ಸಂಕಲನಗಳು ಬಂದದ್ದು ಅವರು ಹೋದ ಮೇಲೆ. ಯಾವ ಕಥೆ ಮೊದಲು, ಯಾವುದು ಕೊನೆಗೆ, ಯಾವುದು ಬೇಡ ಎಂದು ತಾವೇ ಕೂತು ನೋಡುವ ಅವಕಾಶ ಅವರಿಗೆ ಸಿಗಲಿಲ್ಲ. ತಿದ್ದುವ ಕೆಲಸ ಬೇಸರವಾದಾಗಲೆಲ್ಲ ನನಗೆ ಅವರ ನೆನಪು ಬರುತ್ತದೆ. ತಿದ್ದಲು ಸಮಯವಿರುವುದೇ ಒಂದು ಭಾಗ್ಯ.

ನಮ್ಮ ವೇದಿಕೆಯಲ್ಲಿ ಬರೆಯುವ ಹತ್ತಾರು ಜನರಿದ್ದೀರಿ. ಸಂಚಿಕೆಗೆ ಕೊಟ್ಟು ಮರೆತ ಬರಹಗಳು ನಿಮ್ಮಲ್ಲೂ ಇರುತ್ತವೆ. ಅವನ್ನೆಲ್ಲ ತೆಗೆದು ಒಂದು ಸಲ ಅಕ್ಕಪಕ್ಕ ಇಟ್ಟು ಓದಿ. ಎಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದೀರಿ ಎಂದು ಕಾಣುತ್ತದೆ. ಯಾರನ್ನು ಬರೀ ಬಾಗಿಲು ತೆರೆಯಲು ಇಟ್ಟುಕೊಂಡಿದ್ದೀರಿ ಎಂದೂ ಕಾಣುತ್ತದೆ. ಯಾರದಾದರೂ ಬದುಕಿನ ಚೂರುಗಳು ಅಲ್ಲಿದ್ದರೆ, ಅವರಿನ್ನೂ ಇದ್ದರೆ, ಅಚ್ಚಿಗೆ ಕೊಡುವ ಮೊದಲು ಅವರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಬೇಡ ಎಂದರೆ ಬೇಡ. ನನ್ನ ದೊಡ್ಡಮ್ಮನಂತೆ ಬೇರೇನೋ ಹೇಳಿದರೆ ನಿಮ್ಮ ಪುಣ್ಯ.

"ಪುಸ್ತಕ ಎಲ್ಲಿಗೆ ಬಂತು?" ಎಂಬ ಪ್ರಶ್ನೆಗೆ ಉತ್ತರ: ಹನ್ನೆರಡನೇ ಕಥೆಯನ್ನು ಮೂರನೇ ಸಲ ತಿದ್ದುತ್ತಿದ್ದೇನೆ. ಅದು ಮುಗಿದ ಮೇಲೆ ಸ್ಪೈರಲ್ ಬೈಂಡಿಂಗ್ ಮತ್ತೆ ದೊಡ್ಡಮ್ಮನ ಮನೆಗೆ ಹೋಗುತ್ತದೆ. ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ ಎಂದು ಮೊನ್ನೆಯೇ ಹೇಳಿದ್ದಾರೆ.